ಕೊಡಗಿನ ಹಕ್ಕಿ ನಡಿಗೆ ಕ್ಯಾಂಪಸ್ಸಿಗೆ ಬಂದ ಬಗೆ

ಕೊಡಗಿನಲ್ಲಿ ಹಕ್ಕಿ ನೋಡೋಕೆ ದೂರ ಹೋಗಬೇಕಿಲ್ಲ. ಹಾಲುವಾಣ ಹೂ ಬಿಟ್ಟ ಕಾಲದಲ್ಲಿ ಅಂಗಳದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಆದರೆ ಹತ್ತಿಪ್ಪತ್ತು ಜನ ಸೇರಿ, ವಾರ ವಾರವೂ ಒಂದೇ ದಾರಿಯಲ್ಲಿ ನಡೆದು ನೋಡಬೇಕು ಅಂದರೆ ಜಾಗ ಹುಡುಕುವುದೇ ಕಷ್ಟ. ಕಾಫಿ ತೋಟಗಳಿಗೆ ಗೇಟು, ಗೇಟಿಗೆ ಬೀಗ, ಒಳಗೆ ನಾಯಿ. ನಾಗರಹೊಳೆ, ಬ್ರಹ್ಮಗಿರಿ ಕಡೆಯ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಉಳಿಯುವುದು ಕಾಲೇಜು, ವಿಶ್ವವಿದ್ಯಾಲಯಗಳ ಅಂಗಳ. ಗುಂಪಿನ ಹಕ್ಕಿ ನಡಿಗೆಗೆ ಇಲ್ಲಿ ಕ್ಯಾಂಪಸ್ ಇಷ್ಟು ಮುಖ್ಯವಾಗಿರುವುದು ಅದಕ್ಕೇ.

ಈ ರೂಢಿ ತೀರಾ ಹಳೆಯದೇನಲ್ಲ. ಇಲ್ಲಿ ಹಕ್ಕಿಯ ಹಿಂದೆ ಮೊದಲು ಹೋದವರ ಕೈಯಲ್ಲಿ ಇದ್ದದ್ದು ಕೋವಿ. ಬರೀ ಶಿಕಾರಿಯ ಮಾತಲ್ಲ ಇದು. ಕಳೆದ ಶತಮಾನದ ಮಧ್ಯದವರೆಗೂ ಹಕ್ಕಿಗಳ ಅಧ್ಯಯನ ಅಂದರೆ ಬಹುಪಾಲು ಹೀಗೇ: ಹೊಡೆಯುವುದು, ಚರ್ಮ ಸುಲಿದು ಹತ್ತಿ ತುಂಬುವುದು, ಕಾಲಿಗೆ ಚೀಟಿ ಕಟ್ಟುವುದು. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಸಲೀಂ ಅಲಿಯವರೂ ಕೋವಿ ಹಿಡಿದೇ ಕಾಡು ಸುತ್ತಿದವರು. ಕೊಡಗು ಆಗ ಬ್ರಿಟಿಷರ ಕೈಯಲ್ಲಿದ್ದ ಬೇರೆ ಪ್ರಾಂತ್ಯ. ಇಲ್ಲಿನ ಹಕ್ಕಿಗಳ ಬಗ್ಗೆ ವಿವರವಾಗಿ ಬರೆದವರು ಎಫ್.ಎನ್. ಬೆಟ್ಸ್ ಎಂಬ ಕಾಫಿ ಪ್ಲಾಂಟರ್. ಅವರ ಬರಹ 1950ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಬಂತು. ತೋಟದ ಸಾಹೇಬರಿಗೆ ಹಕ್ಕಿ ನೋಡಲು ಯಾರನ್ನೂ ಕೇಳಬೇಕಿರಲಿಲ್ಲ ಅನ್ನೋದನ್ನೂ ನೆನಪಿಡಬೇಕು.

ಬೇಟೆಗೆ ಕಡಿವಾಣ ಬಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಸುಮಾರು ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಹಕ್ಕಿ ವೀಕ್ಷಕರ ಸಂಘ ಶುರುವಾಗಿ, ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ಪದ್ಧತಿ ಬೆಳೆಯಿತು. ದಿನ, ಜಾಗ ಎರಡೂ ನಿಗದಿ; ಯಾರು ಬೇಕಾದರೂ ಬರಬಹುದು. ಗುಂಪಿನ ನಡಿಗೆಗೆ ನಮ್ಮ ಕಡೆ ಮಾದರಿ ಸಿಕ್ಕಿದ್ದು ಅಲ್ಲಿಂದಲೇ ಅಂತ ನನ್ನ ಲೆಕ್ಕ. ಕೊಡಗಿನಲ್ಲಿ 1970ರ ದಶಕದ ಕೊನೆಗೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಹುಟ್ಟಿತು. ಮುಂದೆ ವಿರಾಜಪೇಟೆಯ ವೈದ್ಯ ಡಾ. ಎಸ್.ವಿ. ನರಸಿಂಹನ್ ಇಲ್ಲಿನ ಹಕ್ಕಿಗಳ ಮೇಲೆ ಕನ್ನಡದಲ್ಲೇ ಪುಸ್ತಕ ಬರೆದರು. ಕ್ಲಿನಿಕ್ ನಡೆಸುತ್ತಾ, ಚಿತ್ರ ಬರೆಯುತ್ತಾ ಮಾಡಿದ ಕೆಲಸ ಅದು.

ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಶುರುವಾದದ್ದು 1995ರಲ್ಲಿ. ಕುಶಾಲನಗರದ ಹತ್ತಿರ ಚಿಕ್ಕಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಯಿತು. ಒಂದು ಮಳೆ ಜಾಸ್ತಿಯ ತೆಂಕಣ ಸೀಮೆ, ಇನ್ನೊಂದು ಒಣಹವೆಯ ಮೂಡಣ ಅಂಚು. ಎರಡೂ ಕಡೆ ಒಂದೇ ದಿನ ನಡೆದರೆ ಒಂದೇ ಪಟ್ಟಿ ಸಿಗುವುದಿಲ್ಲ.

ಕ್ಯಾಂಪಸ್ ನಡಿಗೆಗೆ ನಿಜವಾದ ತಳ್ಳು ಸಿಕ್ಕಿದ್ದು ಎಣಿಕೆಯಿಂದ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಫೆಬ್ರವರಿಯ ನಾಲ್ಕು ದಿನದ ಹಕ್ಕಿ ಎಣಿಕೆಗೆ ಭಾರತ ಸೇರಿದ್ದು 2013ರಲ್ಲಿ. 2015ರಿಂದ ಅದರೊಳಗೇ ಕ್ಯಾಂಪಸ್ ಹಕ್ಕಿ ಎಣಿಕೆಯೂ ನಡೆಯುತ್ತಿದೆ. ಕನಿಷ್ಠ ಹದಿನೈದು ನಿಮಿಷ ನೋಡಿ, ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆದು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕುವುದು. ಇಂಥ ಪಟ್ಟಿಗಳನ್ನೇ ಕೂಡಿಸಿ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಸುಮಾರು 30,000 ಜನರ 3 ಕೋಟಿ ದಾಖಲೆ. ಹಳೆಯ ಮಾಹಿತಿ ಸಾಕಷ್ಟು ಸಿಕ್ಕ 338 ಜಾತಿಗಳಲ್ಲಿ ಶೇ. 60ರಷ್ಟು ಕಡಿಮೆಯಾಗಿವೆ ಅಂತ ಅದು ಹೇಳಿತು.

ಎಣಿಸುವುದು ಸುಲಭ ಅಲ್ವಾ ಅನ್ನುವವರು ಒಮ್ಮೆ ಬಸರಿ ಮರದ ಕೆಳಗೆ ನಿಲ್ಲಬೇಕು. ಮೇಲೆ ಕುಟ್ರು ಹಕ್ಕಿ ಕೂಗುತ್ತಿರುತ್ತದೆ, ಆಚೆ ಮರದಿಂದ ಇನ್ನೊಂದು ದನಿಗೂಡಿಸುತ್ತದೆ. ಎರಡೋ, ಮೂರೋ? ಮೈಯೆಲ್ಲ ಎಲೆ ಹಸಿರು, ತಲೆ ಕಂದು, ಕೆನ್ನೆ ಮೇಲೆ ಬಿಳಿ ಪಟ್ಟೆ. ಕೂತ ಕೊಂಬೆ ತೋರಿಸಿದರೂ ಕಣ್ಣಿಗೆ ಬೀಳುವುದಿಲ್ಲ. ಕಚ್ಚಿ ಬಿಟ್ಟ ಹಣ್ಣು ಕೆಳಗೆ ಬಿದ್ದಾಗಲೇ ಅದು ಇರುವ ಜಾಗ ಗೊತ್ತಾಗುವುದು. ಈಗಿನ ಹುಡುಗರು ದನಿ ಗುರುತಿಸಲು ಮರ್ಲಿನ್ ಆ್ಯಪ್ ತೆರೆಯುತ್ತಾರೆ. ತಪ್ಪಲ್ಲ. ಆದರೆ ಭೀಮರಾಜ ಹಕ್ಕಿ ನಾಲ್ಕಾರು ಹಕ್ಕಿಗಳ ದನಿ ಅಣಕಿಸಬಲ್ಲದು. ಅದನ್ನು ಕೇಳಿಸಿಕೊಂಡ ಫೋನು ಇಲ್ಲದ ಹಕ್ಕಿಗಳ ಹೆಸರನ್ನೂ ಹೇಳಿಬಿಡಬಹುದು. ಗುಂಪಿನಲ್ಲಿ ಒಬ್ಬರಾದರೂ "ತಡೀರಿ, ನೋಡಿ ಬರೆಯೋಣ" ಅನ್ನುವವರು ಇರಬೇಕು.

ಫೆಬ್ರವರಿಯ ಎಣಿಕೆ ಒಂದರಿಂದಲೇ ಕೊಡಗನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಆಗ ಬಿಸಿಲು ಹದ, ರೊಬಸ್ಟಾ ಕುಯ್ಲಿನ ಸಮಯ, ಉತ್ತರದಿಂದ ಬಂದ ಉಲಿಯಕ್ಕಿ, ಬೂದು ಸಿಪಿಲೆಗಳು ಇನ್ನೂ ಇಲ್ಲೇ ಇರುತ್ತವೆ. ಪಟ್ಟಿ ಉದ್ದವಾಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಹಕ್ಕಿಗಳ ಸಂಸಾರದ ಕಾಲ ಮಾತ್ರ ಬೇರೆ. ಬೇಸಿಗೆಯಲ್ಲಿ ಹಲವು ಹಕ್ಕಿಗಳು ಗೂಡು ಕಟ್ಟುವಾಗ ಪರೀಕ್ಷೆ, ಆಮೇಲೆ ರಜೆ. ಜೂನ್ ಮಳೆಯಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಬೆಳಕು ಹರಿಯುವ ಮೊದಲೇ ಸಿಳ್ಳೆ ಹಾಕುತ್ತಿದ್ದರೆ ನಡಿಗೆಯವರು ಕಂಬಳಿಯೊಳಗೆ. ಹೀಗಾಗಿ ಕ್ಯಾಂಪಸ್ ಪಟ್ಟಿಯಲ್ಲಿ ಚಳಿಗಾಲ ತುಂಬಿರುತ್ತದೆ, ಮಳೆಗಾಲ ಖಾಲಿ ಬೀಳುತ್ತದೆ.

ಇನ್ನೊಂದು ತೊಡಕು ಆನೆ. ಬೇರೆ ಊರಲ್ಲಿ ಹಕ್ಕಿ ನಡಿಗೆ ಆರು ಗಂಟೆಗೆ ಅಂದರೆ ಆರಕ್ಕೇ. ದಕ್ಷಿಣ ಕೊಡಗಿನಲ್ಲಿ ಮೊದಲು ವಾಚ್‌ಮನ್ ಅಣ್ಣನನ್ನು ಕೇಳಬೇಕು, ರಾತ್ರಿ ಯಾವ ಕಡೆ ದಾಟಿದವು ಅಂತ. ಅವರು "ಸ್ವಲ್ಪ ಬೆಳಕಾಗಲಿ" ಅಂದರೆ ವಾದ ಮಾಡುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಅಂದರೆ ವಿದ್ಯಾರ್ಥಿಗಳು ಉಳಿಯುವುದಿಲ್ಲ. ದಾರಿ, ಮರ, ದನಿ ಎಲ್ಲ ಪಳಗುವ ಹೊತ್ತಿಗೆ ಕೋರ್ಸ್ ಮುಗಿದಿರುತ್ತದೆ. ಮೇಷ್ಟ್ರು ವರ್ಗವಾದರೆ ನಡಿಗೆಯೂ ನಿಲ್ಲುತ್ತದೆ. ಇದಕ್ಕೆ ನನಗೆ ಕಾಣುವ ದಾರಿ ಸಣ್ಣದು: ಎರಡನೇ ವರ್ಷದವರ ಕೈಗೆ ಪಟ್ಟಿ ಬರೆಯುವ ಕೆಲಸ ಕೊಡಬೇಕು, ಕೊನೆಯ ವರ್ಷದವರು ಸುಮ್ನೆ ಜೊತೆಗೆ ನಡೆಯಬೇಕು. ಕಚೇರಿ, ಕ್ಯಾಂಟೀನ್ ಸಿಬ್ಬಂದಿಯನ್ನೂ ಕರೆಯಬೇಕು, ಅವರು ಬ್ಯಾಚ್ ಮುಗಿಸಿ ಹೋಗುವವರಲ್ಲ. ಇನ್ನು ಮಳೆಗಾಲದಲ್ಲಿ ನಡೆಯೋಕಾಗದಿದ್ದರೆ ಹಾಸ್ಟೆಲ್ ಜಗಲಿಯಲ್ಲೇ ಹದಿನೈದು ನಿಮಿಷ ನಿಂತು ಬರೆದರೂ ಅದು ಪೂರ್ತಿ ಪಟ್ಟಿಯೇ, ಮೂರೇ ಹಕ್ಕಿ ಇದ್ದರೂ ಸರಿ.