ಮೋರ್ಸ್ ಚಾರ್ಟ್ ಮನೆಯಲ್ಲೇ ಬಿಟ್ಟು ಬನ್ನಿ

ಹ್ಯಾಮ್ ರೇಡಿಯೊ (ಹವ್ಯಾಸಕ್ಕಾಗಿ ನಡೆಸುವ ರೇಡಿಯೊ ಸಂಪರ್ಕ) ಕಲಿಯಲು ಮಡಿಕೇರಿಯಲ್ಲಿ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಮೊಬೈಲ್ ತೆಗೆದು ಮೋರ್ಸ್ ಚಾರ್ಟ್, ಅಂದರೆ ಒಂದೊಂದು ಅಕ್ಷರಕ್ಕೂ ಚುಕ್ಕೆ-ಗೆರೆಗಳ ಸಂಕೇತ ಕೊಟ್ಟ ಪಟ್ಟಿ, ತೋರಿಸುತ್ತಾರೆ. "ಸರ್, ಪೂರ್ತಿ ಬಾಯಿಪಾಠ ಆಗಿದೆ" ಅನ್ನುತ್ತಾರೆ. ನಾನು ಮೋರ್ಸ್ ಕೀ ಒತ್ತಿ ಆ ಸಂಕೇತಗಳನ್ನು ಸದ್ದಾಗಿ ಕೇಳಿಸಿದರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಚುಕ್ಕೆ ಎಷ್ಟು, ಗೆರೆ ಎಷ್ಟು ಅಂತ ಎಣಿಸುವಷ್ಟರಲ್ಲಿ ಮುಂದಿನ ಎರಡು ಅಕ್ಷರ ದಾಟಿಹೋಗಿರುತ್ತವೆ.

ದಯವಿಟ್ಟು ಆ ಚಾರ್ಟ್ ಬಿಡಿ. ಹುತ್ತರಿ ಹಾಡಿನ ದುಡಿ ಪೆಟ್ಟನ್ನು ಯಾರೂ ಕಾಗದ ನೋಡಿ ಕಲಿಯುವುದಿಲ್ಲ, ಅಲ್ವಾ? ಇಲ್ಲೂ ಕಾಲದ ಅಳತೆಯೇ ಎಲ್ಲ. ಚುಕ್ಕೆಯ ಗಿಡ್ಡ ಸದ್ದು 'ಡಿಟ್', ಗೆರೆಯ ಉದ್ದ ಸದ್ದು 'ಡಾ'. ಒಂದು 'ಡಾ' ಮೂರು 'ಡಿಟ್'ನಷ್ಟು ಉದ್ದ. ಅಕ್ಷರದ ಒಳಗೆ ಒಂದು ಡಿಟ್‌ನಷ್ಟು ಬಿಡುವು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಡಿಟ್, ಡಾ ಸೇರಿಸಿ ಒತ್ತಿದರೆ 'ಎ'. ನಡುವೆ ತುಸು ಜಾಸ್ತಿ ನಿಂತರೆ ಅದೇ 'ಇ' ಮತ್ತು 'ಟಿ' ಆಗಿಬಿಡುತ್ತದೆ. ಚಾರ್ಟ್‌ನಲ್ಲಿ ಈ ಬಿಡುವು ಕಾಣುವುದೇ ಇಲ್ಲ.

ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದ ಹಿರಿಯರೊಬ್ಬರು ಒಮ್ಮೆ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಚಾರ್ಟ್ ಹುಡುಕುತ್ತಿದ್ದಳು. ಅಜ್ಜ ಕಣ್ಣು ಮುಚ್ಚಿ ಕೇಳುತ್ತಲೇ ಬರೆದುಕೊಂಡು ಹೋದರು. "ಎಣಿಸಬೇಡ ಮಗಳೇ, ಸುಮ್ನೆ ಕೇಳು" ಅಂದರು. ನಾನು ಇಷ್ಟುದ್ದ ಹೇಳುವುದನ್ನು ಅವರು ಅಷ್ಟರಲ್ಲೇ ಮುಗಿಸಿದರು.

ಚಾರಣಕ್ಕೆ ಹೋಗುವವರು ಟಾರ್ಚ್‌ನಲ್ಲಿ ಎಸ್‌ಒಎಸ್ ಅನ್ನುವ ಅಪಾಯದ ಸಂಕೇತ ಬಿಡುವುದೂ ಹೀಗೇ ಅಳತೆಯಿಲ್ಲದೆ, ಎಲ್ಲ ಮಿಣುಕೂ ಒಂದೇ ಉದ್ದ. 1906ರ ಬರ್ಲಿನ್ ಒಪ್ಪಂದದಲ್ಲಿ ಗೊತ್ತಾದ ಆ ಸಂಕೇತ ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ಒಂಬತ್ತೂ ಒಂದೇ ಸರದಲ್ಲಿ, ನಡುವೆ ಅಕ್ಷರದ ಬಿಡುವಿಲ್ಲ. ಇದನ್ನು ನಂಬಿಕೊಂಡು ಕಾಡಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಮೊಬೈಲ್ ಸಿಗ್ನಲ್ ಇದ್ದರೆ ಮೊದಲು 112ಕ್ಕೆ ಕರೆ ಮಾಡಿ.

2013ರಲ್ಲಿ ತಂತಿ ಸೇವೆ ನಿಂತಾಗ ಮೋರ್ಸ್ ಕೂಡ ಮುಗಿಯಿತು ಅಂದುಕೊಂಡವರು ತುಂಬಾ ಜನ. ತಂತಿ ಕಚೇರಿಗಳು ಮೋರ್ಸ್ ಬಿಟ್ಟು ಟೆಲಿಪ್ರಿಂಟರ್, ಕಂಪ್ಯೂಟರ್ ಹಿಡಿದದ್ದು ಅದಕ್ಕಿಂತ ಎಷ್ಟೋ ಮೊದಲು. ಹ್ಯಾಮ್‌ಗಳು ಇಂದಿಗೂ ಬಳಸುತ್ತಾರೆ, ಕಾರಣವೂ ಇದೆ: ರೇಡಿಯೊ ತರಂಗಗಳಲ್ಲಿ ಮಾತಿಗೆ ಬೇಕಾದ ಜಾಗದ (ಆವರ್ತನದ ಹರವಿನ) ಹತ್ತನೇ ಒಂದು ಭಾಗವೂ ಮೋರ್ಸ್‌ಗೆ ಬೇಡ. ಮಾತು ಅರ್ಥವಾಗದಷ್ಟು ಕ್ಷೀಣವಾದಾಗಲೂ ಆ ಟಿಕ್ ಟಿಕ್ ಕಿವಿಗೆ ಸಿಗುತ್ತದೆ.

ಪ್ರಸಾರ ಮಾಡಲು ಲೈಸೆನ್ಸ್ ಬೇಕೇ ಬೇಕು. ಕೇಳಿ ಕಲಿಯಲು ಬೇಡ. 'ಕೆ' ಮತ್ತು 'ಎಂ' ಎರಡರಿಂದ ಶುರು ಮಾಡಿ, ಅದೂ ಪೂರ್ತಿ ವೇಗದಲ್ಲಿ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಮೂರನೆಯ ಅಕ್ಷರ ಸೇರಿಸಿ.