ಕೆಂಪು ನೀರಿಗೆ ಬೈರಾಸು ಸಾಕಾ?

ಪ್ರಶ್ನೆ: ಚಾರಣಕ್ಕೆಂದು ಕೈಯಲ್ಲಿ ಹಿಡಿಯುವ ಸಣ್ಣ ನೀರಿನ ಫಿಲ್ಟರ್ ತಗೊಂಡಿದ್ದೇನೆ. ಮಳೆಗಾಲದಲ್ಲಿ ತೋಡಿನ ನೀರು ಹಾಕಿದರೆ ಎರಡು ಬಾಟಲಿ ತುಂಬುವಷ್ಟರಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲೇ ಬಟ್ಟೆಯಲ್ಲಿ ಸೋಸಿಕೊಂಡರೆ ಸರಿಹೋಗುತ್ತದಾ? (ಮಣಿಪಾಲದ ಓದುಗರೊಬ್ಬರು)

ಜೂನ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಮಂಗಳೂರಿನವರು ಕೇಳುತ್ತಾರೆ, ಕಾರ್ಕಳದವರು ಕೇಳುತ್ತಾರೆ, ಕುಂದಾಪುರದವರೂ ಕೇಳುತ್ತಾರೆ. ಉತ್ತರ ಬದಲಾಗಿಲ್ಲ: ಬಟ್ಟೆಯೊಂದರಿಂದಲೇ ಸರಿಹೋಗುವುದಿಲ್ಲ. ಸೋಸಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಫಿಲ್ಟರನ್ನು ಕಟ್ಟಿಸುವ ಮಣ್ಣು ಬಟ್ಟೆಗೆ ಸಿಗುವಂಥದ್ದಲ್ಲ.

ಇಷ್ಟು ಹೇಳಿದ ಕೂಡಲೇ ಮರುಮಾತು ಬರುತ್ತದೆ: "ಬೈರಾಸನ್ನು (ಮೈ ಒರೆಸುವ ತೆಳು ಹತ್ತಿ ಬಟ್ಟೆ) ಎಂಟು ಮಡಿಕೆ ಮಾಡಿದರೂ ಆಗುವುದಿಲ್ಲವಾ? ಬಾಂಗ್ಲಾದೇಶದಲ್ಲಿ ಸೀರೆಯಲ್ಲಿ ಸೋಸಿಯೇ ಕಾಲರಾ ಕಡಿಮೆ ಮಾಡಿದರಂತಲ್ಲ?" ಹೌದು ಮಾರಾಯ್ರೇ, ಮಾಡಿದರು. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಅಲ್ಲಿನ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮಡಚಿದ ಹಳೆಯ ಹತ್ತಿ ಸೀರೆಯಲ್ಲಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿದಿತ್ತು. ನಿಜಕ್ಕೂ ದೊಡ್ಡ ಕೆಲಸ. ಆದರೆ ಸೀರೆ ಅಲ್ಲಿ ಹಿಡಿದದ್ದು ಏನನ್ನು? ಕಾಲರಾದ ಬ್ಯಾಕ್ಟೀರಿಯಾ ಕೆರೆ ನೀರಿನಲ್ಲಿರುವ ಪುಟ್ಟ ಜಲಜೀವಿಗಳ ಮೈಗೆ ಅಂಟಿಕೊಂಡು ಬದುಕುತ್ತದೆ. ತೊಳೆದು ತೊಳೆದು ನೂಲು ಬಿಚ್ಚಿಕೊಂಡ ಹಳೆ ಸೀರೆಯನ್ನು ಮಡಚಿದಾಗ ಅದರ ಕಂಡಿ ಸುಮಾರು 20 ಮೈಕ್ರಾನಿಗೆ ಬರುತ್ತದೆ. ಆ ಜೀವಿಗಳು ಅದಕ್ಕಿಂತ ದೊಡ್ಡವು. ಹಾಗಾಗಿ ಸಿಕ್ಕಿಬಿದ್ದವು, ಅವುಗಳ ಜೊತೆಗೆ ಬ್ಯಾಕ್ಟೀರಿಯಾವೂ ಸಿಕ್ಕಿತು.

ಈಗ ನಮ್ಮ ನೀರಿಗೆ ಬನ್ನಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮುರಕಲ್ಲಿನ ಗುಡ್ಡದಿಂದ ಇಳಿದು ಬರುವ ನೀರು ಕೆಂಪಾಗುವುದು ಕಬ್ಬಿಣದ ಅಂಶ ಹತ್ತಿದ ನಯವಾದ ಜೇಡಿಯಿಂದ. ಜೇಡಿಯ ಕಣ 2 ಮೈಕ್ರಾನಿಗಿಂತಲೂ ಚಿಕ್ಕದು. ಇಪ್ಪತ್ತರ ಕಂಡಿಯಲ್ಲಿ ಎರಡರ ಕಣ ನಿಲ್ಲುತ್ತದೆಯೇ? ನೀವು ಎಂಟಲ್ಲ, ಹದಿನಾರು ಮಡಿಕೆ ಹಾಕಿ. ನೀರು ಇಳಿಯುವುದು ನಿಧಾನವಾಗುತ್ತದೆ, ಬೈರಾಸು ಕೆಂಪಾಗುತ್ತದೆ, ಕೆಳಗೆ ಬೀಳುವ ನೀರೂ ಕೆಂಪಾಗಿಯೇ ಬೀಳುತ್ತದೆ.

ನನ್ನ ಮಾತು ನಂಬಬೇಡಿ, ಮನೆಯಂಗಳದಲ್ಲೇ ನೋಡಿ. ಜೋರು ಮಳೆ ಬಂದಾಗ ಚರಂಡಿಯಲ್ಲಿ ಹರಿಯುವ ಕೆಂಪು ನೀರನ್ನು ಒಂದು ಚೆಂಬಿನಲ್ಲಿ ಹಿಡಿಯಿರಿ. ಅರ್ಧವನ್ನು ಹಾಗೇ ಒಂದು ಗಾಜಿನ ಲೋಟಕ್ಕೆ, ಉಳಿದರ್ಧವನ್ನು ಮಡಚಿದ ಬೈರಾಸಿನಲ್ಲಿ ಸೋಸಿ ಇನ್ನೊಂದಕ್ಕೆ ಸುರಿಯಿರಿ. ಎರಡರ ಹಿಂದೆಯೂ ಅಚ್ಚಾದ ಕಾಗದ ಹಿಡಿಯಿರಿ. ಅಕ್ಷರ ಎರಡರಲ್ಲೂ ಕಾಣುವುದಿಲ್ಲ. ಬೈರಾಸಿನಲ್ಲಿ ಉಳಿದದ್ದು ಮರಳು, ತರಗೆಲೆಯ ಚೂರು, ಒಂದೆರಡು ಸೊಳ್ಳೆಮರಿ. ಇವಿಷ್ಟನ್ನು ತಡೆಯುವುದೇ ಬಟ್ಟೆಯ ಕೆಲಸ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಇನ್ನು ಫಿಲ್ಟರಿನ ಒಳಗೆ ನೋಡೋಣ. ಸಾಯರ್ ತರಹದ ಫಿಲ್ಟರುಗಳಲ್ಲಿ ನೂಲಿನಂಥ ಟೊಳ್ಳು ಕೊಳವೆಗಳ ಒಂದು ಕಟ್ಟು ಇರುತ್ತದೆ. ಅವುಗಳ ಗೋಡೆಯ ರಂಧ್ರ 0.1 ಮೈಕ್ರಾನ್, ಲೈಫ್‌ಸ್ಟ್ರಾದಲ್ಲಿ 0.2. ಬಟ್ಟೆ ದಾಟಿ ಬಂದ ಜೇಡಿಯೆಲ್ಲ ಆ ಗೋಡೆಯ ಮೇಲೆ ಪದರವಾಗಿ ಕೂರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ, ಫಿಲ್ಟರಿಗೆ ಸಿಕ್ಕಿಸಿದ ನೀರಿನ ಚೀಲವನ್ನು ಇನ್ನೂ ಬಲವಾಗಿ ಹಿಂಡುವುದು. ಹಿಂಡಿದಷ್ಟೂ ಪದರ ಗಟ್ಟಿಯಾಗುತ್ತದೆ, ಇಲ್ಲವೇ ಚೀಲದ ಹೊಲಿಗೆ ಬಿಡುತ್ತದೆ. ಹರಿವು ತಗ್ಗಿದ್ದು ಗೊತ್ತಾದ ಕೂಡಲೇ ನಿಂತು, ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಹಿಮ್ಮುಖವಾಗಿ ತಳ್ಳಿ. ಮನೆಗೆ ಹೋಗಿ ತೊಳೆದರಾಯಿತು ಎಂದುಕೊಂಡರೆ ಅಷ್ಟರಲ್ಲಿ ಜೇಡಿ ಒಳಗೇ ಒಣಗಿರುತ್ತದೆ. ಒಣಗಿದ ಜೇಡಿ ಸುಲಭಕ್ಕೆ ಬಿಡುವುದಿಲ್ಲ.

ಹಾಗಾದರೆ ಮಾಡುವುದೇನು? ನೀರನ್ನು ನಿಲ್ಲಲು ಬಿಡಿ. ಮರಳು ಹತ್ತು ಸೆಂಟಿಮೀಟರ್ ಇಳಿಯಲು ಸೆಕೆಂಡುಗಳು ಸಾಕು, ನಯವಾದ ಹೂಳಿಗೆ ಕೆಲವು ನಿಮಿಷ ಬೇಕು. 2 ಮೈಕ್ರಾನಿನ ಕಣಕ್ಕೆ ಅಷ್ಟೇ ಆಳಕ್ಕೆ ಸುಮಾರು 8 ಗಂಟೆ. ರಾತ್ರಿ ಎಲ್ಲಾದರೂ ತಂಗುವುದಿದ್ದರೆ ಸಂಜೆಯೇ ನೀರು ಹಿಡಿದು ಅಲುಗದ ಹಾಗೆ ಇಡಿ. ಬೆಳಿಗ್ಗೆ ಮೇಲಿನ ಮುಕ್ಕಾಲು ಭಾಗವನ್ನು ಮಾತ್ರ ಮೆಲ್ಲಗೆ ಬಗ್ಗಿಸಿಕೊಳ್ಳಿ.

ಅದಕ್ಕಿಂತಲೂ ಚಿಕ್ಕ ಕಣಗಳು ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಎಲ್ಲದರ ಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಕೂಡಿ ಭಾರವಾಗುವುದೇ ಇಲ್ಲ. ಪಟಿಕ ಕೆಲಸಕ್ಕೆ ಬರುವುದು ಇಲ್ಲಿ. ಅದರ ಅಲ್ಯೂಮಿನಿಯಂ ಆ ಋಣಾಂಶವನ್ನು ತಗ್ಗಿಸುತ್ತದೆ, ಕಣಗಳು ಒಂದಕ್ಕೊಂದು ಅಂಟುತ್ತವೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಪಟಿಕದ ಪುಡಿ, ಲೀಟರಿಗೆ ಒಂದು ಸಣ್ಣ ಚಿಟಿಕೆ. ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಐದು ನಿಮಿಷ ತೀರಾ ನಿಧಾನವಾಗಿ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ: ಹಾಲು ಒಡೆದ ಹಾಗೆ ಕೆಂಪು ಕೆಂಪು ಚೂರುಗಳು ಕಟ್ಟಿ, ನಡುನಡುವೆ ತಿಳಿನೀರು ಕಾಣಲು ಶುರುವಾಗುತ್ತದೆ. ಅರ್ಧ ಗಂಟೆಯಲ್ಲಿ ಅವು ತಳ ಸೇರುತ್ತವೆ. ತಳವನ್ನು ಕದಡದೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರಿಗೆ ಹಾಕಿ. ಇಷ್ಟು ಕಂಡ ಮೇಲೆ ಬೈರಾಸಿನ ವಾದ ಯಾರೂ ಮುಂದುವರಿಸುವುದಿಲ್ಲ, ಅದು ನನಗೆ ಖುಷಿ. ಪಟಿಕ ಹೆಚ್ಚು ಸುರಿಯಬೇಡಿ. ಘಟ್ಟದ ನೀರು ಮೆದು, ಅತಿಯಾದರೆ ಹುಳಿಯಾಗುತ್ತದೆ, ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ.

ಅದಕ್ಕೂ ಮೊದಲು ಯೋಚಿಸಬೇಕಾದದ್ದು, ಆ ಕೆಂಪು ನೀರೇ ಯಾಕೆ ಎಂದು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆ ನಮ್ಮದು. ಶುಭ್ರವಾದ ಟಾರ್ಪಾಲನ್ನು ನಾಲ್ಕು ಮೂಲೆಗೆ ಕಟ್ಟಿ, ಮೊದಲ ನೀರು ಚೆಲ್ಲಿ, ಮತ್ತಿನದ್ದನ್ನು ಹಿಡಿದರೆ ಫಿಲ್ಟರಿಗೆ ಕೆಲಸವೇ ಕಡಿಮೆ.

ಯಾರೂ ಕೇಳದ, ಆದರೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯ ನಮ್ಮವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಇಲಿಜ್ವರದ ಗತಿ ಏನು? ಫಿಲ್ಟರಿನ ನೀರು ತಿಳಿಯಾಗಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಇಲಿಜ್ವರದ ಲೆಪ್ಟೊಸ್ಪೈರಾ ತಿರುಪಿನಾಕಾರದ ತೆಳ್ಳಗಿನ ಬ್ಯಾಕ್ಟೀರಿಯಾ. ಉದ್ದ ಎಷ್ಟೇ ಇದ್ದರೂ ದಪ್ಪ 0.1 ಮೈಕ್ರಾನ್ ಅಷ್ಟೇ, 0.2ರ ರಂಧ್ರದಲ್ಲಿ ನುಸುಳಿ ಹೋಗಬಲ್ಲದು. ವೈರಸ್‌ಗಳು ಇನ್ನೂ ಚಿಕ್ಕವು. ಆದ್ದರಿಂದ ತೋಟ, ಗದ್ದೆ, ಮನೆಗಳ ಕೆಳಗೆ ಹಿಡಿದ ನೀರನ್ನು ಸೋಸಿದ ಮೇಲೂ ಕುದಿಸಿ. ಕೊತಕೊತ ಕುದಿ ಬಂದು ಒಂದು ನಿಮಿಷ ಆದರೆ ಸಾಕು. ಮೂರು ನಿಮಿಷದ ಲೆಕ್ಕ 2,000 ಮೀಟರಿಗಿಂತ ಎತ್ತರದ ಜಾಗಕ್ಕೆ. ಮುಳ್ಳಯ್ಯನಗಿರಿಯೂ ಅಷ್ಟು ಎತ್ತರವಿಲ್ಲ.

ಮತ್ತೆ, ಇಲಿಜ್ವರ ಹೆಚ್ಚಾಗಿ ಬರುವುದು ಕುಡಿದ ನೀರಿನಿಂದಲ್ಲ, ಕಾಲಿಟ್ಟ ನೀರಿನಿಂದ. ಇಂಬಳ ಕಚ್ಚಿದ ಜಾಗ, ಚಪ್ಪಲಿ ಉಜ್ಜಿದ ಗಾಯ ಇದ್ದರೆ ಅದೇ ಅದಕ್ಕೆ ದಾರಿ. ತೋಡು ದಾಟುವ ಮೊದಲು ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿ. ಚಾರಣದಿಂದ ಬಂದು ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಕಂಡರೆ ಮಾತ್ರೆ ನುಂಗಿ ಮನೆಯಲ್ಲಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ತೋಡಿನ ನೀರಿಗಿಳಿದದ್ದನ್ನು ಅವರು ಕೇಳುವ ಮೊದಲೇ ಹೇಳಿ.