ಗೇಟು ಬ್ಯಾಂಕನ್ನು ಕೇಳುವುದಿಲ್ಲ

ಅಂಗಡಿಯಲ್ಲಿ ಕಾರ್ಡ್ ಕೊಟ್ಟು ಪಿನ್ ಒತ್ತಿದ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಕಾಯುತ್ತೇವೆ. ಅಷ್ಟರಲ್ಲಿ ಮಷೀನು ಅಂಗಡಿಯವರ ಬ್ಯಾಂಕಿಗೆ ಸುದ್ದಿ ಕಳಿಸುತ್ತದೆ. ಅಲ್ಲಿಂದ ಅದು ನಡುವಿನ ಸ್ವಿಚ್‌ಗೆ, ಅಂದರೆ ಬ್ಯಾಂಕುಗಳ ನಡುವೆ ಸುದ್ದಿ ದಾಟಿಸುವ ಕಂಪ್ಯೂಟರಿಗೆ, ಸ್ವಿಚ್‌ನಿಂದ ನಮ್ಮ ಬ್ಯಾಂಕಿಗೆ ಹೋಗುತ್ತದೆ. ಖಾತೆಯಲ್ಲಿ ದುಡ್ಡಿದೆಯಾ ಎಂದು ನೋಡಿ ನಮ್ಮ ಬ್ಯಾಂಕು ಹೂಂ ಅಂದರೆ, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಕಾರ್ಡು ರುಪೇ ಆಗಿದ್ದರೆ ಆ ನಡುವಿನ ಸ್ವಿಚ್, ದೇಶದ ಪಾವತಿ ಜಾಲಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯದು. ಅದು 2012ರಲ್ಲಿ ಶುರು ಮಾಡಿದ ಕಾರ್ಡ್ ಜಾಲವೇ ರುಪೇ.

ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಬ್ಬೊಬ್ಬರಿಗೂ ಗೇಟು ಬ್ಯಾಂಕನ್ನು ಕೇಳುತ್ತಾ ಕೂತರೆ ಸಾಲು ಮೆಟ್ಟಿಲು ಹತ್ತಿ ರಸ್ತೆಗೆ ಬಂದೀತು. ನೆಲದಡಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರಂತೂ ಕೇಳೋದೇ ಬೇಡ. ಗೇಟು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ತೀರ್ಮಾನ ಮಾಡಬೇಕು. ಹಾಗಾಗಿ ಅದು ಯಾರನ್ನೂ ಕೇಳುವುದಿಲ್ಲ. ಟಿಕೆಟ್ಟಿನ ದುಡ್ಡು ಕಾರ್ಡಿನ ಚಿಪ್‌ನಲ್ಲೇ ಇರುತ್ತದೆ.

ನಮ್ಮ ಮೆಟ್ರೊ ಹಳೆಯ ಸ್ಮಾರ್ಟ್ ಕಾರ್ಡೂ ಇದನ್ನೇ ಮಾಡುತ್ತಿತ್ತು. ಆದರೆ ಅದರ ಬೀಗದ ಕೈ ಒಂದೇ ಊರಿನ ಮೆಟ್ರೊ ಹತ್ತಿರ ಇತ್ತು. ಬೆಂಗಳೂರಿನ ಕಾರ್ಡ್ ದೆಹಲಿಯಲ್ಲಿ ಬರೀ ಪ್ಲಾಸ್ಟಿಕ್ ತುಂಡು. 2019ರ ಮಾರ್ಚ್ 4ರಂದು ಅಹಮದಾಬಾದಿನಲ್ಲಿ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್, ಅಂದರೆ ಎನ್‌ಸಿಎಂಸಿ, ಬಿಡುಗಡೆಯಾಯಿತು. ಯಾವ ಬ್ಯಾಂಕು ಕೊಟ್ಟರೂ ಯಾವ ಊರಿನ ಗೇಟಿನಲ್ಲೂ ನಡೆಯಬೇಕು ಎಂಬುದು ಇದರ ಆಸೆ. ತಾಂತ್ರಿಕ ನಿಯಮಗಳನ್ನು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿತು. ದೇಶಿ ಗೇಟು ಮಾಡುವ ಕೆಲಸ ನಮ್ಮ ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್‌ಗೆ ಬಂತು. ನಮ್ಮ ಮೆಟ್ರೊಗೆ ಈ ಕಾರ್ಡ್ ಬರುವ ಹೊತ್ತಿಗೆ 2023 ಆಗಿತ್ತು.

ಇಲ್ಲಿ ನಿಜವಾದ ಕಷ್ಟ ವೇಗದ್ದಲ್ಲ, ನಂಬಿಕೆಯದ್ದು. ಎಲ್ಲೋ ಇರುವ ಬ್ಯಾಂಕೊಂದು ಕೊಟ್ಟ ಕಾರ್ಡ್ ಅಸಲಿ ಅಂತ ಈ ಗೇಟಿಗೆ ಗೊತ್ತಾಗುವುದು ಹೇಗೆ? ಫೋನ್ ಮಾಡಿ ವಿಚಾರಿಸುವಂತಿಲ್ಲ. ಉತ್ತರ ಗಣಿತದಲ್ಲಿದೆ. ಕೀಲಿಗಳನ್ನು ಜೋಡಿಯಾಗಿ ಮಾಡುತ್ತಾರೆ. ಒಂದು ಗುಟ್ಟಿನದು, ಇನ್ನೊಂದು ಎಲ್ಲರಿಗೂ ಕೊಡುವಂಥದ್ದು. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಇನ್ನೊಂದರಿಂದ ಪರೀಕ್ಷಿಸಬಹುದು, ಆದರೆ ನಕಲು ಮಾಡಲು ಆಗುವುದಿಲ್ಲ. ಎನ್‌ಪಿಸಿಐ ಬ್ಯಾಂಕಿನ ಕೀಲಿಗೆ ಸಹಿ ಹಾಕುತ್ತದೆ, ಬ್ಯಾಂಕು ಕಾರ್ಡಿಗೆ ಸಹಿ ಹಾಕುತ್ತದೆ. ಗೇಟಿನ ಹತ್ತಿರ ಎನ್‌ಪಿಸಿಐಯ ಬಹಿರಂಗ ಕೀಲಿ ಮೊದಲೇ ಇರುತ್ತದೆ. ಅಷ್ಟಿದ್ದರೆ ಸಾಕು. ಕಾರ್ಡ್ ತನ್ನ ಸಹಿಪತ್ರಗಳನ್ನು ತೋರಿಸುತ್ತದೆ, ಗೇಟು ಒಂದೊಂದನ್ನೇ ತಾಳೆ ನೋಡುತ್ತದೆ, ಬಾಗಿಲು ತೆರೆಯುತ್ತದೆ.

ಇಷ್ಟಕ್ಕೆಲ್ಲ ಕರೆಂಟು ಎಲ್ಲಿಂದ? ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ಕಿನ ಒಳಗೆ, ಅಂಚಿನುದ್ದಕ್ಕೂ, ಕೂದಲಿನಂಥ ತಂತಿಯ ಕೆಲವು ಸುತ್ತುಗಳಿವೆ. ಗೇಟಿನ ರೀಡರ್ ಸೆಕೆಂಡಿಗೆ 1 ಕೋಟಿ 35 ಲಕ್ಷಕ್ಕೂ ಜಾಸ್ತಿ ಸಲ ಹಿಂದೆಮುಂದೆ ಹೊರಳುವ ಕಾಂತಕ್ಷೇತ್ರವನ್ನು ಹರಡುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಆ ಚೂರು ವಿದ್ಯುತ್ತಿನಲ್ಲಿ ಚಿಪ್ ಎಚ್ಚರಗೊಂಡು ಲೆಕ್ಕ ಮಾಡುತ್ತದೆ. ಕೆಲವೇ ಸೆಂಟಿಮೀಟರ್ ದೂರ ಹೋದರೂ ಮತ್ತೆ ನಿದ್ದೆ. ನಾವು ಆತುರದಲ್ಲಿ ಕಾರ್ಡನ್ನು ಸುಮ್ನೆ ಹಾಗೆ ಸವರಿ ತೆಗೆದಾಗ ಗೇಟು ಇನ್ನೊಮ್ಮೆ ತೋರಿಸಿ ಅನ್ನುವುದು ಇದಕ್ಕೇ. ಚಿಪ್ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಂತಿರುತ್ತದೆ.

ಹೌದು, ಬರೆಯುತ್ತದೆ. ಒಳಗೆ ಹೋಗುವಾಗ ಹತ್ತಿದ ನಿಲ್ದಾಣ ಮತ್ತು ಸಮಯವನ್ನು ಗೇಟು ಕಾರ್ಡಿನ ಮೇಲೇ ಗುರುತು ಹಾಕುತ್ತದೆ. ಇಳಿಯುವ ಕಡೆ ಇನ್ನೊಂದು ಗೇಟು ಅದನ್ನು ಓದಿ, ದರ ಲೆಕ್ಕ ಹಾಕಿ, ಬಾಕಿಯಿಂದ, ಅಂದರೆ ಚಿಪ್‌ನಲ್ಲಿ ಉಳಿದಿರುವ ದುಡ್ಡಿನಿಂದ, ಕಳೆಯುತ್ತದೆ. ಗೇಟುಗಳು ಒಟ್ಟು ಮಾಡಿದ ಪಟ್ಟಿ ಆಮೇಲೆ ನಿಧಾನವಾಗಿ ಮೆಟ್ರೊದ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐ ಮೂಲಕ ಕಾರ್ಡ್ ಕೊಟ್ಟ ಬ್ಯಾಂಕುಗಳಿಗೆ ಹೋಗಿ ಲೆಕ್ಕ ಚುಕ್ತಾ ಆಗುತ್ತದೆ.

ಹಾಗಿದ್ರೆ ಮನೆಯಲ್ಲೇ ಕೂತು ಚಿಪ್‌ನಲ್ಲಿ ಎರಡು ಸಾವಿರ ಅಂತ ಬರೆದುಕೊಳ್ಳಬಹುದಲ್ವಾ? ಆಗುವುದಿಲ್ಲ. ಬಾಕಿ ಕಡಿಮೆ ಮಾಡಲು ಗೇಟಿಗೆ ಚಿಪ್ ಒಪ್ಪುತ್ತದೆ. ಜಾಸ್ತಿ ಮಾಡಬೇಕಾದರೆ ಮಾತ್ರ ಕಾರ್ಡ್ ಕೊಟ್ಟ ಬ್ಯಾಂಕಿನ ಗುಟ್ಟಿನ ಕೀಲಿಯಿಂದ ಬಂದ ಆದೇಶವೇ ಬೇಕು ಅಂತ ಹಟ ಹಿಡಿಯುತ್ತದೆ. ಜನ ಬೈದುಕೊಳ್ಳುವ ಒಂದು ಕಿರಿಕಿರಿಯ ಮೂಲವೂ ಇದೇ. ಆ್ಯಪ್‌ನಲ್ಲಿ ಟಾಪ್ ಅಪ್ ಮಾಡಿದರೂ ದುಡ್ಡು ಕಾರ್ಡಿಗೆ ಬಂದಿರುವುದಿಲ್ಲ. ನಿಲ್ದಾಣದ ಮಷೀನಿಗೆ ಕಾರ್ಡ್ ಹಿಡಿದು ಬಾಕಿ ಅಪ್‌ಡೇಟ್ ಮಾಡಿಸಿಕೊಳ್ಳಬೇಕು. ಯುಪಿಐಗೆ ಒಗ್ಗಿದ ಕೈಗೆ ಇದು ಹಳೇ ಕಾಲದ ಕೆಲಸ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ.

ಚಿಪ್‌ನಲ್ಲಿ ದುಡ್ಡಿಡುವ ಈ ಉಪಾಯ ನಮ್ಮಲ್ಲೇ ಮೊದಲಲ್ಲ. ಘಾನಾ ದೇಶ 2008ರಲ್ಲೇ ಇ-ಜ್ವಿಚ್ ಎಂಬ ಕಾರ್ಡ್ ತಂದು ಎಲ್ಲ ಬ್ಯಾಂಕುಗಳನ್ನೂ ಅದಕ್ಕೆ ಸೇರಿಸಿತು. ಅಲ್ಲಿ ಪಿನ್ ಬದಲು ಬೆರಳಚ್ಚು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ನಡೆಯಲಿ ಎಂಬ ಯೋಚನೆ. ಆದರೆ ಮುಂದಿನ ವರ್ಷಗಳಲ್ಲಿ ಮೊಬೈಲ್ ಹಣ ಬಂದು ಕಾರ್ಡನ್ನು ಹಿಂದಕ್ಕೆ ತಳ್ಳಿತು. ನಮ್ಮಲ್ಲೂ ಅಂಗಡಿಯ ಮಟ್ಟಿಗೆ ಕ್ಯುಆರ್ ಗೆದ್ದಾಗಿದೆ. ಎನ್‌ಸಿಎಂಸಿಗೆ ಗಟ್ಟಿ ಜಾಗ ಇರುವುದು ಗೇಟಿನಲ್ಲಿ ಮತ್ತು ಬಸ್ಸಿನಲ್ಲಿ ಅಂತ ನನ್ನ ಅಭಿಪ್ರಾಯ.

ಹೊಸ ರುಪೇ ಡೆಬಿಟ್ ಕಾರ್ಡುಗಳಲ್ಲಿ ಹಲವಕ್ಕೆ ಈ ಸೌಲಭ್ಯ ಆಗಲೇ ಇದೆ. ಎನ್‌ಸಿಎಂಸಿ ಗುರುತು ಇದೆಯಾ ಒಮ್ಮೆ ನೋಡಿ. ಇದ್ದರೆ ಆ ಒಂದೇ ಕಾರ್ಡಿನಲ್ಲಿ ಎರಡು ಲೆಕ್ಕ. ಖಾತೆಯ ದುಡ್ಡು ಬ್ಯಾಂಕಿನಲ್ಲಿ, ಪ್ರಯಾಣದ ದುಡ್ಡು ಚಿಪ್‌ನಲ್ಲಿ. ಕಾರ್ಡ್ ಕಳೆದುಹೋಗಿ ಬ್ಲಾಕ್ ಮಾಡಿಸಿದರೆ ಖಾತೆ ಸುರಕ್ಷಿತ. ಚಿಪ್‌ನ ದುಡ್ಡಿಗೆ ಪಿನ್ ಇಲ್ಲ, ಅದು ಸಿಕ್ಕಿದವರ ಪಾಲು. ಅದಕ್ಕೇ ಅದರಲ್ಲಿ 2,000 ರೂಪಾಯಿಗಿಂತ ಹೆಚ್ಚು ತುಂಬಲು ಬಿಡುವುದಿಲ್ಲ.